ಗಿನಿಯಿಲಿಯ ಹೊಟ್ಟೆ ನೋಡುವ ಮುರುಗೇಶಪ್ಪ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ, ಮಲವಗೊಪ್ಪದ ಆಸುಪಾಸಿನ ಒಂದು ಖಾಸಗಿ ಫಾರ್ಮಸಿ ಕಾಲೇಜಿನ ಹಿಂಬದಿಯಲ್ಲಿ ಕಿಟಕಿಯೇ ಇಲ್ಲದ ಉದ್ದನೆಯ ಕಟ್ಟಡವೊಂದಿದೆ. ಅದರ ಎರಡನೇ ಬಾಗಿಲಿಗೆ ಕಿವಿಗೊಟ್ಟು ಮುರುಗೇಶಪ್ಪ ನಿಂತಿದ್ದಾರೆ. ಹೊರಗಿನ ಬಟ್ಟೆ, ಚಪ್ಪಲಿ ಎಲ್ಲ ಮೊದಲ ಬಾಗಿಲ ಆಚೆಗೇ ಉಳಿದಿವೆ. ಮೈಮೇಲೆ ಒಗೆದು ಹಬೆಯಲ್ಲಿ ಬೇಯಿಸಿದ ಹಸಿರು ಬಟ್ಟೆ, ತಲೆಗೆ ಟೊಪ್ಪಿ, ಮೂಗಿಗೆ ಮಾಸ್ಕ್. ಬೀಗದ ಕೈ ಕೈಯಲ್ಲೇ ಇದ್ದರೂ ಬೀಗ ತೆಗೆಯುವ ಅವಸರ ಅವರಿಗಿಲ್ಲ. ಆರಕ್ಕೆ ಸರಿಯಾಗಿ ಒಳಗೆ ದೀಪಗಳು ತಾವಾಗಿಯೇ ಹತ್ತಿಕೊಳ್ಳುತ್ತವೆ. ಹತ್ತಿದ ಮರುಗಳಿಗೆಗೆ ಎಪ್ಪತ್ತೆರಡು ಗಿನಿಯಿಲಿಗಳು ಸೊಪ್ಪು ಬೇಕೆಂದು ಕುಯ್ ಕುಯ್ ಎಂದು ಕೂಗಬೇಕು. ಆ ಕೂಗು ಕೇಳುವವರೆಗೆ ಮುರುಗೇಶಪ್ಪ ಬೀಗಕ್ಕೆ ಕೈ ಹಾಕುವುದಿಲ್ಲ.

ಇವತ್ತು ಕೂಗು ಬಂತು. ಅವರು ಬೀಗ ತೆಗೆಯುತ್ತಾರೆ.

"ಹತ್ತು ವರ್ಷ ಆಯ್ತು. ಇನ್ನೂ ಈ ಬಾಗ್ಲು ತೆಗ್ಯೋವಾಗ ಹೆದ್ರಿಕೆ ಆಗುತ್ತೆ" ಎನ್ನುತ್ತಾರೆ. "ಹೆದ್ರೋದು ನಿಂತ ದಿನ ನಾನೇ ಕೆಲ್ಸ ಬಿಡ್ತೀನಿ."

ಐವತ್ತಾರರ ಮುರುಗೇಶಪ್ಪ ಈ ಪ್ರಾಣಿಮನೆಯ ಪಾಲಕರು. ಕಾಗದಪತ್ರದಲ್ಲಿ ಅವರ ಹುದ್ದೆಗೆ ಅಟೆಂಡರ್ ಎಂದಿದೆ, ಅದೂ ವರ್ಷವರ್ಷ ನವೀಕರಣವಾಗುವ ಗುತ್ತಿಗೆಯ ಮೇಲೆ. ದಿನಕ್ಕೆ ಮೂವತ್ತಾರು ಪಂಜರಗಳ ನೀರು ಬದಲಾಯಿಸಬೇಕು, ದಿನ ಬಿಟ್ಟು ದಿನ ಅಷ್ಟೂ ತಟ್ಟೆಗಳ ಹಾಸು ತೆಗೆದು ಹೊಸದು ಹಾಕಬೇಕು. ಕ್ಯಾರೆಟ್ಟು, ಕುದುರೆಮೆಂತೆ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಬೇಕು. ಕೋಣೆಯ ಶಾಖ ಇಪ್ಪತ್ತೆರಡು ಡಿಗ್ರಿಯ ಹಿಂದೆಮುಂದೆ ಆಗದಂತೆ ದಿನಕ್ಕೆ ಆರು ಸಲ ನೋಡಿ ಬರೆಯಬೇಕು. ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಹತ್ತಿರದ ಸೋಗಾನೆಯ ನಿಲ್ದಾಣದ ವಿಮಾನ ಮೇಲೆ ಹಾದುಹೋಗುವ ಹೊತ್ತಿಗೆ ಅವರು ಯಾವ ಪ್ರಾಣಿಯನ್ನೂ ಕೈಗೆತ್ತಿಕೊಳ್ಳುವುದಿಲ್ಲ. ಆ ಸದ್ದಿಗೆ ಗಿನಿಯಿಲಿಗಳು ಇದ್ದಲ್ಲೇ ಮರಗಟ್ಟಿ ಕೂರುತ್ತವೆ, ಆಗ ಮುಟ್ಟಿದರೆ ಗಾಬರಿಬಿದ್ದು ಹಾರಿ ಬೆನ್ನುಮೂಳೆ ಮುರಿದುಕೊಳ್ಳುವುದೂ ಉಂಟು.

ಇವೆಲ್ಲ ಯಾವ ಪ್ರಾಣಿಮನೆಯಲ್ಲೂ ಇರುವ ಕೆಲಸ. ಮುರುಗೇಶಪ್ಪನವರ ಹೆದರಿಕೆಯ ಬೇರು ಇರುವುದು ಬಲಗಡೆಯ ಗೋಡೆಗೆ ಒರಗಿಸಿದ ಹನ್ನೆರಡು ಪಂಜರಗಳಲ್ಲಿ. ಅಲ್ಲಿ ಚರ್ಮದ ಅಲರ್ಜಿಯ ಪ್ರಯೋಗ ನಡೆಯುತ್ತದೆ. ಗಿನಿಯಿಲಿಯ ಬೆನ್ನಿನ ಕೂದಲು ಬೋಳಿಸಿ, ಅಲರ್ಜಿ ತರುವ ರಾಸಾಯನಿಕವನ್ನು ಅಲ್ಲಿ ಹಚ್ಚುತ್ತಾರೆ. ಅರ್ಧ ಪ್ರಾಣಿಗಳಿಗೆ ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧವನ್ನು ದಿನವೂ ಬಾಯಿಗೆ ಬಿಡುತ್ತಾರೆ, ಉಳಿದರ್ಧಕ್ಕೆ ಬರೀ ನೀರು. ಯಾವುದರ ಚರ್ಮ ಎಷ್ಟು ಕೆಂಪಾಯಿತು, ಎಷ್ಟು ಊದಿತು ಎಂದು ದಿನವೂ ಅಳೆಯುತ್ತಾರೆ. ಅಲರ್ಜಿ ಅಂದರೆ ಮೈಯ ಕಾವಲುಗಾರ ಕಾರಣವಿಲ್ಲದೆ ಕೂಗಾಡುವುದು. ಔಷಧ ಆ ಕಾವಲುಗಾರನ ಬಾಯಿ ಮುಚ್ಚಿಸುತ್ತದೆ. ನಿಜವಾಗಿ ಕಳ್ಳ ಬಂದಾಗಲೂ ಅವನ ಬಾಯಿ ಮುಚ್ಚಿಯೇ ಇರುತ್ತದೆ ಎಂಬುದೇ ಮುರುಗೇಶಪ್ಪನವರ ನಿದ್ದೆಗೆಡಿಸುವ ವಿಷಯ.

"ತುರಿಸ್ಕೊಳ್ಳೋ ಪ್ರಾಣಿ ಬಗ್ಗೆ ನಂಗೆ ಹೆದ್ರಿಕೆ ಇಲ್ಲ. ಅದು ತನಗೇನಾಗಿದೆ ಅಂತ ಹೇಳುತ್ತೆ. ಔಷಧಿ ಕುಡಿದದ್ದು ಏನೂ ಹೇಳಲ್ಲ. ಗಾಯ ಆದ್ರೂ ಕೆಂಪಾಗಲ್ಲ, ಕೀವಾಗಲ್ಲ, ಮೈ ಬಿಸಿಯಾಗಲ್ಲ. ಚೆನ್ನಾಗೇ ಇದೆ ಅಂತ ನಾವು ಅಂದ್ಕೊಂಡಿರ್ತೀವಿ, ಬೆಳಗ್ಗೆ ಬಂದು ನೋಡಿದ್ರೆ ತಣ್ಣಗಾಗಿರುತ್ತೆ."

ತಮ್ಮಿಂದಲೇ ಏನಾದರೂ ಸೋಂಕು ಒಳಗೆ ಹೋದೀತೆಂಬ ಭಯ ಅವರಿಗೆ ಮನೆಯಿಂದಲೇ ಶುರುವಾಗುತ್ತದೆ. ಭದ್ರಾವತಿಯ ಹಳೇನಗರದ ಮನೆಯಲ್ಲಿ ಯಾರಿಗೆ ಸೀನು ಬಂದರೂ ಅವರು ವರಾಂಡಾದಲ್ಲಿ ಮಲಗುತ್ತಾರೆ. ಹೆಂಡತಿ ಉಮಾಮಹೇಶ್ವರಿಗೆ ಇದು ನಗುವ ವಿಷಯ. ಗಂಡನಿಗೆ ನೆಂಟರ ಮನೆಯ ಮದುವೆಗಿಂತ ಇಲಿಯ ಆರೋಗ್ಯ ಹೆಚ್ಚು ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಾರೆ. ನೆಂಟರಿಗೆ ಮಾತ್ರ ಮುರುಗೇಶಪ್ಪ ಕಾಲೇಜಿನಲ್ಲಿ ಅಟೆಂಡರ್ ಎಂದಷ್ಟೇ ಗೊತ್ತು. ಲಿಂಗ ಕಟ್ಟಿಕೊಂಡವರು ಇಂಥ ಕೆಲಸ ಮಾಡಬಹುದೇ ಎಂದು ಯಾರಾದರೂ ಕೇಳಿಬಿಟ್ಟರೆ ಉತ್ತರ ಕೊಡಲು ತಮಗೆ ಬರುವುದಿಲ್ಲ ಎನ್ನುವುದು ಅವರ ಅಳುಕು. ಪ್ರಯೋಗ ಮುಗಿದು ಪ್ರಾಣಿಗಳಿಗೆ ಕೊನೆಯ ಸೂಜಿ ಕೊಡುವ ದಿನ ಅವರು ಆ ಕೋಣೆಗೆ ಕಾಲಿಡುವುದಿಲ್ಲ, ಹೊರಗೆ ಕೂತು ಖಾಲಿ ತಟ್ಟೆಗಳನ್ನು ಉಜ್ಜುತ್ತಾರೆ. ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಾರೆ.

ಕೆಲಸಕ್ಕೆ ಸೇರಿದ ದಿನವೇ ಆ ಲಿಂಗದ ವಿಷಯವಾಗಿ ಒಂದು ತೊಡಕೆದ್ದಿತ್ತು. ಹೊರಗಿನ ಒಂದು ದಾರವೂ ಒಳಗೆ ಬರಕೂಡದೆಂಬುದು ಇಲ್ಲಿನ ನಿಯಮ, ಕೊರಳಿನ ಇಷ್ಟಲಿಂಗ ತೆಗೆಯುವುದು ಇವರಿಂದಾಗದ ಮಾತು. ಪ್ರಾಣಿಮನೆಯ ಮುಖ್ಯಸ್ಥರಾದ ಡಾ. ರೇಣುಕಾಪ್ರಸಾದ್ ಅಂಗಿಯ ಮೇಲಿಂದ ತಮ್ಮ ಕೊರಳನ್ನೇ ಒಮ್ಮೆ ಮುಟ್ಟಿ ನೋಡಿಕೊಂಡು, ದಾರಿಯೊಂದನ್ನು ಹೇಳಿದರು. ಅಂದಿನಿಂದ ಮುರುಗೇಶಪ್ಪ ಶಿವಮೊಗ್ಗದ ಗಾಂಧಿ ಬಜಾರಿನಿಂದ ಬಿಳಿ ಕೋರಾ ಬಟ್ಟೆ ತಂದು ಚೌಕ ಚೌಕವಾಗಿ ಕತ್ತರಿಸಿಟ್ಟುಕೊಂಡಿದ್ದಾರೆ. ಒಳಗೆ ಹೋಗುವ ಮುನ್ನ ಲಿಂಗವಿರುವ ಕರಡಿಗೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹಬೆಯಲ್ಲಿ ಬೆಂದ ಹೊಸ ಚೌಕದಲ್ಲಿ ಸುತ್ತಿ ಎದೆಗೆ ಕಟ್ಟಿಕೊಳ್ಳುತ್ತಾರೆ. ಶಿವದಾರವನ್ನು ವಾರಕ್ಕೊಮ್ಮೆ ಕುದಿಸುತ್ತಾರೆ. ಹತ್ತು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿಲ್ಲ.

ಇದಕ್ಕೂ ಮುಂಚೆ ಅವರು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರರಾಗಿದ್ದರು. ಅದು ನಿಂತ ಮೇಲೆ ಒಂದು ವರ್ಷ ಅಲ್ಲಿ ಇಲ್ಲಿ ಅಲೆದು, ಪರಿಚಿತರೊಬ್ಬರು ಹೇಳಿದ್ದರಿಂದ ಇಲ್ಲಿಗೆ ಬಂದರು. ಮೊದಲ ತಿಂಗಳು ಗಿನಿಯಿಲಿಯನ್ನು ಹಿಡಿಯುವುದಕ್ಕೇ ಭಯವಾಗುತ್ತಿತ್ತಂತೆ. ಈಗ ಒಂದು ಕೈ ಎದೆಯಡಿ, ಒಂದು ಕೈ ಹಿಂಗಾಲಿನಡಿ ಕೊಟ್ಟು ಅವರು ಎತ್ತಿದರೆ ಪ್ರಾಣಿ ಮಿಸುಕುವುದೂ ಇಲ್ಲ. ತಟ್ಟೆ ಬದಲಾಯಿಸುವಾಗ ಪ್ರತಿಯೊಂದನ್ನೂ ಹೀಗೆ ಎತ್ತಬೇಕಾದ್ದರಿಂದ ಅವುಗಳ ಹೊಟ್ಟೆಯ ಭಾಗ ಕಾಣುವುದು ಅವರಿಗೊಬ್ಬರಿಗೇ. ಸಂಶೋಧಕರು ಬೋಳಿಸಿದ ಬೆನ್ನನ್ನಷ್ಟೇ ನೋಡಿ, ಅಳೆದು ಹೋಗುತ್ತಾರೆ. ಹೋದ ವರ್ಷ ಅವರ ಜೀವ ಹಿಂಡಿದ ಪ್ರಸಂಗ ನಡೆದದ್ದು ಈ ಕೆಲಸದ ಹಂಚಿಕೆಯಿಂದಲೇ.

ಪಿಎಚ್‌ಡಿ ವಿದ್ಯಾರ್ಥಿನಿ ಮೈತ್ರಿ ಆಗ ಇಪ್ಪತ್ತನಾಲ್ಕು ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಹನ್ನೆರಡಕ್ಕೆ ಔಷಧ, ಹನ್ನೆರಡಕ್ಕೆ ನೀರು. ಒಂಬತ್ತು ತಿಂಗಳ ತಯಾರಿಯ ಮೇಲೆ ಶುರುವಾದ ಕೆಲಸ. ಪಂಜರದ ಹಾಸಿಗೆ ಮುರುಗೇಶಪ್ಪ ಯಾವಾಗಲೂ ಬಳಸುವುದು ಅಕ್ಕಿ ಗಿರಣಿಯ ಉಮಿಯನ್ನು. ಅದನ್ನು ತಾವೇ ಆರಿಸಿ ತಂದು, ಜರಡಿ ಹಿಡಿದು, ಹಬೆಯ ಯಂತ್ರದಲ್ಲಿ ಬೇಯಿಸಿ, ಒಣಗಿಸಿ ಹಾಕುತ್ತಾರೆ. ಆ ಶ್ರಾವಣದಲ್ಲಿ ಗಿರಣಿಯ ಯಂತ್ರ ಕೆಟ್ಟು ಮೂರು ವಾರ ಉಮಿ ಸಿಗಲಿಲ್ಲ. ಅವರು ಒಂದು ಸಾಮಿಲ್ಲಿಗೆ ಹೋಗಿ ಮರದ ಪುಡಿ ತಂದರು. ಮೊಳೆ ಚೂರು ಇದೆಯೇ ನೋಡಿದರು, ಇರುವೆ ಇದೆಯೇ ನೋಡಿದರು, ಎಂದಿನಂತೆ ಹಬೆಯಲ್ಲಿ ಬೇಯಿಸಿದರು. ಬಣ್ಣ ಗಾಢವಾಗಿತ್ತು, ಪರಿಮಳವೂ ಚೆನ್ನಾಗಿತ್ತು. ಪ್ರಾಣಿಗಳಿಗೆ ಒಳ್ಳೆಯ ಹಾಸಿಗೆ ಸಿಕ್ಕಿತೆಂದು ಹಿಗ್ಗಿದರು. ಅದು ಯಾವ ಮರದ ಪುಡಿ ಎಂದು ಕೇಳುವುದೊಂದನ್ನು ಬಿಟ್ಟರು.

ಹತ್ತು ದಿನ ಕಳೆಯುವಷ್ಟರಲ್ಲಿ ನೀರು ಕುಡಿಯುವ ಗುಂಪಿನ ಹೊಟ್ಟೆಗಳು ನಸುಗೆಂಪಾಗಿದ್ದವು. ಹಾಸು ತೇವವಾಗಿರಬೇಕೆಂದು ಅವರು ಇನ್ನೂ ಹೆಚ್ಚು ಒಣಗಿಸಿ ಹಾಕಿದರು. ಅವರ ಮಣಿಕಟ್ಟಿನಲ್ಲೂ ಗ್ಲೌಸು ಮುಗಿಯುವ ಜಾಗದಲ್ಲಿ ದದ್ದೆದ್ದು ತುರಿಸತೊಡಗಿತು. ಸೋಪು ಬದಲಾಯಿಸಿದರು. ಔಷಧ ಕುಡಿಯುವ ಗುಂಪಿನ ಹೊಟ್ಟೆಗಳು ಮಾತ್ರ ಬೆಳ್ಳಗೆ, ನುಣ್ಣಗೆ ಇದ್ದವು. ಮೈತ್ರಿ ಬಂದು ಬೆನ್ನು ನೋಡಿದಾಗಲೂ ಅದೇ ಕತೆ. ನೀರಿನ ಗುಂಪಿನ ಬೆನ್ನು ಕೆಂಡದ ಹಾಗೆ, ಔಷಧದ ಗುಂಪಿನದು ಏನೂ ಆಗದ ಹಾಗೆ. ಇಷ್ಟು ಕಡಿಮೆ ಪ್ರಮಾಣದ ಔಷಧಕ್ಕೆ ಇಷ್ಟು ಒಳ್ಳೆಯ ಫಲ ಬಂದದ್ದನ್ನು ಆಕೆ ನಂಬಲಾರದೆ ಎರಡೆರಡು ಸಲ ಅಳೆದರು. ಸೋಮವಾರ ಬರಲಿದ್ದ ಔಷಧ ಕಂಪನಿಯವರ ಮುಂದೆ ಇಡಲು ಪಟ್ಟಿ ಸಿದ್ಧವಾಯಿತು. ಇದು ಒಪ್ಪಿಗೆಯಾದರೆ ಮುಂದಿನ ಹೆಜ್ಜೆ ಮನುಷ್ಯರ ಮೇಲಿನ ಪ್ರಯೋಗ.

ಆ ಗುರುವಾರ ಬೆಳಿಗ್ಗೆ ಬಾಗಿಲಲ್ಲಿ ಕಿವಿಗೊಟ್ಟಾಗ ಬಲಗಡೆಯಿಂದ ಬರುವ ಸದ್ದು ಯಾಕೋ ತೆಳುವೆನಿಸಿತು. ಔಷಧದ ಗುಂಪಿನ ಹದಿನೇಳನೇ ನಂಬರಿನ ಗಿನಿಯಿಲಿ ಪಂಜರದ ಮೂಲೆಯಲ್ಲಿ ಸತ್ತು ಬಿದ್ದಿತ್ತು. ಹಿಂದಿನ ಸಂಜೆ ಕ್ಯಾರೆಟ್ಟು ತಿಂದಿದ್ದ ಪ್ರಾಣಿ. ಮೈಮೇಲೆ ಒಂದು ಕಲೆಯಿಲ್ಲ. ರೇಣುಕಾಪ್ರಸಾದರು ಕೊಯ್ದು ನೋಡಿದಾಗ, ಹಿಂಗಾಲಿನ ಅಡಿಯಲ್ಲಿ ಕೂದಲೆಳೆಯಷ್ಟು ಗೀರು, ಅಲ್ಲಿಂದ ನಂಜು ರಕ್ತಕ್ಕಿಳಿದಿದ್ದು ತಿಳಿಯಿತು. ಊತವಿಲ್ಲ, ಕೀವಿಲ್ಲ, ಕೆಂಪಿಲ್ಲ. ಇಂಥ ಔಷಧದಲ್ಲಿ ಹೀಗಾಗುವುದುಂಟು ಎಂದು ಅವರು ಬರೆದುಕೊಂಡರು. ಆ ಗೀರು ಎಲ್ಲಿಂದ ಬಂತೆಂದು ಯಾರಿಗೂ ಹೊಳೆಯಲಿಲ್ಲ, ಮುರುಗೇಶಪ್ಪನವರಿಗೂ.

ಹೊಳೆದದ್ದು ಶನಿವಾರ ಸಂಜೆ, ಭದ್ರಾವತಿಯ ಬಸ್ಸಿನಲ್ಲಿ. ಪಕ್ಕದಲ್ಲಿ ಕೂತಿದ್ದವರು ಅವರ ಬೀದಿಯವರೇ ಆದ ಬಡಗಿ ಕರಿಯಣ್ಣ. ಟಿಕೆಟ್ಟು ತೆಗೆಯಲು ಮುರುಗೇಶಪ್ಪ ಕೈ ಚಾಚಿದಾಗ ಆ ಮಣಿಕಟ್ಟು ನೋಡಿ ಕರಿಯಣ್ಣ ಕೇಳಿದ್ದು ಇಷ್ಟೇ:

"ಇದೇನು ಮಾರಾಯ, ನೀನ್ಯಾವಾಗ ಬೀಟೆ ಕೆಲ್ಸಕ್ಕೆ ಕೈ ಹಾಕ್ದೆ?"

ಬೀಟೆ ಮರದ ಪುಡಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ತಮ್ಮ ಜೊತೆಯ ಇಬ್ಬರು ಅದಕ್ಕೇ ಬೀಟೆ ಮುಟ್ಟುವುದಿಲ್ಲ, ಮುಟ್ಟಿದರೆ ಹೀಗೇ ದದ್ದೇಳುತ್ತದೆ ಎಂದು ಕರಿಯಣ್ಣ ವಿವರಿಸುತ್ತಲೇ ಇದ್ದರು. ಮುರುಗೇಶಪ್ಪನವರಿಗೆ ಮುಂದಿನದು ಕಿವಿಗೆ ಬೀಳಲಿಲ್ಲ. ಗಾಢ ಬಣ್ಣದ ಆ ಪುಡಿ, ಅದರ ಪರಿಮಳ, ಕೆಂಪು ಹೊಟ್ಟೆಗಳು, ಅದರಲ್ಲೇ ಹೊರಳಾಡುವ ಬೋಳು ಬೆನ್ನುಗಳು ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ನೀರಿನ ಗುಂಪು ಅಷ್ಟು ಕೆಂಪಾದದ್ದಕ್ಕೆ ಮೈತ್ರಿ ಹಚ್ಚಿದ ರಾಸಾಯನಿಕವೊಂದೇ ಕಾರಣವಲ್ಲ, ತಾವು ಹಾಸಿದ ಪುಡಿಯೂ ಸೇರಿದೆ. ಔಷಧದ ಗುಂಪಿಗೂ ಅದೇ ಪುಡಿ ತಾಕಿದೆ, ಒರಟು ಚೂರೊಂದು ಕಾಲಿಗೂ ಚುಚ್ಚಿರಬೇಕು, ಔಷಧ ಅದನ್ನೆಲ್ಲ ಮುಚ್ಚಿಟ್ಟಿದೆ. ಎರಡು ಗುಂಪಿನ ನಡುವಿನ ಆ ಭಾರಿ ಅಂತರದಲ್ಲಿ ಎಷ್ಟು ಔಷಧದ್ದು, ಎಷ್ಟು ಮರದ್ದು ಎಂದು ಇನ್ನು ಯಾರೂ ಹೇಳಲಾರರು. ಇಳಿಯಬೇಕಾದ ಸ್ಟಾಪು ದಾಟಿ ಹೋದದ್ದು ಅವರಿಗೆ ಕಂಡಕ್ಟರ್ ಕೂಗಿದ ಮೇಲೆಯೇ ಗೊತ್ತಾಯಿತು.

ಭಾನುವಾರ ಅವರು ಎಂದಿನಂತೆ ಕೆಲಸಕ್ಕೆ ಹೋದರು. ಗಿರಣಿಯಿಂದ ಹೊಸ ಉಮಿ ಬಂದಿತ್ತು. ಪುಡಿಯನ್ನೆಲ್ಲ ಬಾಚಿ ತೆಗೆದು ಉಮಿ ಹಾಕಿದರು. ಇನ್ನು ನಾಲ್ಕೈದು ದಿನದಲ್ಲಿ ಹೊಟ್ಟೆಗಳು ತಿಳಿಯಾಗುತ್ತವೆ. ಬೆನ್ನಿನ ಲೆಕ್ಕ ಆಗಲೇ ಮುಗಿದಿದೆ. ಬಾಯಿ ಬಿಡದಿದ್ದರೆ ಜಗತ್ತಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಆ ತಿಂಗಳ ಕೊನೆಗೆ ಅವರ ಗುತ್ತಿಗೆಯ ನವೀಕರಣವಿತ್ತು. ಪ್ರಯೋಗ ಕೆಡಿಸಿದವರ ಹೆಸರು ಆ ಪಟ್ಟಿಯಲ್ಲಿ ಉಳಿಯುವುದು ಹೇಗೆ? ಐವತ್ತೈದು ದಾಟಿದವರಿಗೆ ಬೇರೆ ಕೆಲಸ ಕೊಡುವವರಾರು? ಅವರು ಪುಡಿಯ ಚೀಲವನ್ನು ಕಸದ ಗುಂಡಿಯವರೆಗೆ ಒಯ್ದರು, ಮತ್ತೆ ವಾಪಸು ತಂದು ಉಗ್ರಾಣದಲ್ಲಿಟ್ಟರು. ಅವತ್ತು ಎರಡು ಸಲ ಹೀಗೆ ಮಾಡಿದರಂತೆ.

ಮಧ್ಯಾಹ್ನ ಮನೆಗೆ ಬಂದು ಹೆಂಡತಿಗೆ ಹೇಳಿದರು. ಉಮಾಮಹೇಶ್ವರಿ ಪೂರ್ತಿ ಕೇಳಿಸಿಕೊಂಡು, ಸುಮ್ಮನಿದ್ದುಬಿಡಿ ಎಂದರು. ಸತ್ತದ್ದು ಒಂದು ಇಲಿ, ಹೋಗುವುದು ಒಂದು ಸಂಸಾರದ ಅನ್ನ, ಇದರಲ್ಲಿ ಯೋಚನೆ ಮಾಡುವುದೇನಿದೆ ಎಂಬುದು ಅವರ ವಾದ. ಮುರುಗೇಶಪ್ಪನವರಿಗೂ ಅದು ಸರಿಯೆನಿಸಿತು. ತಟ್ಟೆಗೆ ಅನ್ನ ಬಡಿಸುತ್ತಾ ಆಕೆ ಸುಮ್ಮನೆ ಮಾತಿಗೆಂಬಂತೆ ಕೇಳಿದರು: "ಅಲ್ಲ, ಆ ಔಷಧಿ ಆಮೇಲೆ ಯಾರಿಗ್ ಕೊಡ್ತಾರೆ?"

"ಚರ್ಮದ ಕಾಯ್ಲೆ ಇರೋ ಮನುಷ್ಯರಿಗೆ. ಮಕ್ಳಿಗೂ ಕೊಡಬಹುದು."

ಉಮಾಮಹೇಶ್ವರಿ ಸೌಟನ್ನು ಪಾತ್ರೆಗೆ ಹಾಕಿ ಕೂತುಬಿಟ್ಟರು. ಸುಮ್ಮನಿರಿ ಎಂಬ ಮಾತನ್ನು ಅವರು ಮತ್ತೆ ಆಡಲಿಲ್ಲ, ಹೇಳಿ ಎಂದೂ ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಮುರುಗೇಶಪ್ಪ ದಿನಚರಿಯ ರಿಜಿಸ್ಟರು ತೆರೆದರು. ಅದರಲ್ಲಿ ಷರಾ ಎಂಬ ಕೊನೆಯ ಕಾಲಂ ಇದೆ. ಅಷ್ಟು ವರ್ಷವೂ ಅವರು ಅಲ್ಲಿ ಬಹುಮಟ್ಟಿಗೆ 'ಎಲ್ಲಾ ಕ್ಷೇಮ' ಎಂದೇ ಬರೆದು ಬಂದವರು. ಮೈತ್ರಿಯ ಎದುರು ಬಾಯಿ ತೆರೆದರೆ ತಾವು ತೊದಲಿ ಬೇರೇನೋ ಹೇಳಿಬಿಡುತ್ತೇವೆಂದು ಅವರಿಗೆ ಗೊತ್ತಿತ್ತು. ಅದಕ್ಕೆ ಮೊದಲು ಬರೆದರು. ಮೂರು ವಾರ ಹಾಸು ಬದಲಾಗಿತ್ತು, ಬೀಟೆ ಮರದ ಪುಡಿ ಇರಬೇಕು, ನೀರಿನ ಗುಂಪಿನ ಎಲ್ಲ ಹೊಟ್ಟೆಗಳೂ ಕೆಂಪಾಗಿವೆ, ತಪ್ಪು ನನ್ನದು. ಕೆಳಗೆ ಸಹಿ, ತಾರೀಕು, ಹೊತ್ತು. ಪುಡಿಯ ಚೀಲವನ್ನು ಪಕ್ಕಕ್ಕಿಟ್ಟುಕೊಂಡು ಮೈತ್ರಿಗಾಗಿ ಕಾದು ನಿಂತರು.

ಮೈತ್ರಿ ಓದಿದರು. ಒಂದು ಪ್ರಾಣಿಯನ್ನು ಎತ್ತಿ ಹೊಟ್ಟೆ ನೋಡಿದರು. ಇನ್ನೊಂದನ್ನು ಎತ್ತಿದರು. ಹನ್ನೆರಡನ್ನೂ ನೋಡಿ ಮುಗಿಸಿ ನೆಲದ ಮೇಲೆ ಕೂತರು.

"ಮುರುಗೇಶಣ್ಣ, ದಿನಾ ನೋಡ್ತಿದ್ರಲ್ಲ, ಮೊದ್ಲೇ ಯಾಕ್ ಹೇಳ್ಲಿಲ್ಲ?"

"ನೀವು ಬೆನ್ನಷ್ಟೇ ನೋಡಿ ಹೋಗ್ತಿದ್ರಿ, ಮೇಡಂ. ಹೊಟ್ಟೆ ವಿಷ್ಯ ನಿಮಗೆ ಬೇಕಾಗುತ್ತೆ ಅಂತ ನಂಗೆ ಗೊತ್ತಾಗ್ಲಿಲ್ಲ. ಗೊತ್ತಾದ್ಮೇಲೆ ಎರಡು ದಿನ ಹೆದ್ರಿ ಸುಮ್ಮನಿದ್ದೆ."

ಕಂಪನಿಯವರ ಸಭೆ ರದ್ದಾಯಿತು. ಒಂಬತ್ತು ತಿಂಗಳ ಕೆಲಸ ಒಂದು ಬೆಳಿಗ್ಗೆಗೆ ನೀರುಪಾಲಾಯಿತು. ಮುರುಗೇಶಪ್ಪನವರ ಕೈಗೆ ಕಾರಣ ಕೇಳುವ ನೋಟಿಸು ಬಂತು. ಅದಕ್ಕೆ ಉತ್ತರ ಬರೆಯಲು ಅವರಿಗೆ ಬರಲಿಲ್ಲ, ರಿಜಿಸ್ಟರಿನಲ್ಲಿ ಬರೆದದ್ದನ್ನೇ ಮತ್ತೊಮ್ಮೆ ನಕಲು ಮಾಡಿ ಕೊಟ್ಟರು. ಮೂರು ವಾರ ಏನೂ ಗೊತ್ತಾಗಲಿಲ್ಲ. ಆ ಮೂರು ವಾರ ಮೈತ್ರಿ ಅವರೊಡನೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು ಎನ್ನುತ್ತಾರೆ ಮುರುಗೇಶಪ್ಪ. ತಿಂಗಳ ಕೊನೆಗೆ ನವೀಕರಣದ ಪಟ್ಟಿ ಗೋಡೆಗೆ ಬಿದ್ದಾಗ ಅದರ ಹತ್ತಿರ ಹೋಗುವ ಧೈರ್ಯ ಅವರಿಗಿರಲಿಲ್ಲ. ನೋಡಿ ಬಂದು ನಿಮ್ಮ ಹೆಸರಿದೆ ಎಂದು ಹೇಳಿದ್ದು ಮೈತ್ರಿ. ಗುತ್ತಿಗೆಯನ್ನು ಆಗ ಆರು ತಿಂಗಳಿಗಷ್ಟೇ ಮುಂದುವರಿಸಿದ್ದರು, ಅದು ಮತ್ತೆ ವರ್ಷದ್ದಾದದ್ದು ಆಮೇಲೆ. ಅವರನ್ನು ಕಳಿಸಿದರೆ ತಾನು ಈ ಕೋಣೆಯ ಯಾವ ಅಂಕಿಯನ್ನೂ ನಂಬುವುದಿಲ್ಲವೆಂದು ಆಕೆ ರೇಣುಕಾಪ್ರಸಾದರ ಮುಂದೆ ಹೇಳಿದ್ದರೆಂಬುದು ಮುರುಗೇಶಪ್ಪನವರಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಬೇರೆಯವರಿಂದ.

ಈ ವರ್ಷ ಮೈತ್ರಿ ಪ್ರಯೋಗವನ್ನು ಮೊದಲಿನಿಂದ ಮಾಡಿದರು. ಬೇರೆ ಇಪ್ಪತ್ತನಾಲ್ಕು ಪ್ರಾಣಿಗಳು, ಗಿರಣಿಯ ಉಮಿ, ಅದೇ ಔಷಧ. ಎರಡು ಗುಂಪಿನ ನಡುವೆ ಹೋದ ಸಲ ಕಂಡ ಅಂತರದ ಅರ್ಧವೂ ಈ ಸಲ ಬರಲಿಲ್ಲ. ಔಷಧ ಕೆಲಸ ಮಾಡುತ್ತದೆ, ಆದರೆ ಸ್ವಲ್ಪವೇ. ಆ ಸ್ವಲ್ಪಕ್ಕೆ ಮೈಯ ಕಾವಲನ್ನು ಅಷ್ಟು ತಗ್ಗಿಸುವುದು ತರವೇ ಎಂಬ ಪ್ರಶ್ನೆಯೊಂದಿಗೆ ಆಕೆಯ ವರದಿ ಮುಗಿಯುತ್ತದೆ. ಕಂಪನಿಯವರು ಓದಿ, ಸದ್ಯಕ್ಕೆ ಮನುಷ್ಯರ ಮೇಲಿನ ಪ್ರಯೋಗ ಬೇಡವೆಂದು ಬರೆದಿದ್ದಾರೆ. ಇಲ್ಲಿನ ಅಳತೆಯ ಹಾಳೆಯಲ್ಲಿ ಈಗ ಒಂದು ಹೊಸ ಕಾಲಂ ಇದೆ. ಬೆನ್ನಿನ ಅಳತೆಗೆ ಮುಂಚೆ ಮುರುಗೇಶಪ್ಪ ಪ್ರತಿ ಪ್ರಾಣಿಯ ಹೊಟ್ಟೆ, ಪಾದ, ಕಿವಿಯ ಹಿಂದೆ ನೋಡಿ ಸಹಿ ಹಾಕಬೇಕು. ಅವರ ಸಹಿ ಇಲ್ಲದ ಅಳತೆ ಲೆಕ್ಕಕ್ಕಿಲ್ಲ.

ಅವರ ಮಣಿಕಟ್ಟಿನ ದದ್ದು ಮಾಯ್ದಿದೆ. ಹೆದರಿಕೆ ಮಾಯ್ದಿಲ್ಲ. ಈಗಲೂ ಅಂಗಡಿಯಲ್ಲಿ ಯಾರಾದರೂ ಕೆಮ್ಮಿದರೆ ದೂರ ಸರಿಯುತ್ತಾರೆ, ಉಮಿಯ ಚೀಲ ಬಂದರೆ ಯಾವ ಗದ್ದೆಯ ಭತ್ತ, ಯಾವ ಔಷಧಿ ಹೊಡೆದದ್ದು ಎಂದು ಗಿರಣಿಯವರ ತಲೆ ತಿನ್ನುತ್ತಾರೆ. ಔಷಧದ ಗುಂಪಿನ ಪ್ರಾಣಿಯೊಂದು ಅರೆಗಳಿಗೆ ಹೆಚ್ಚು ಸುಮ್ಮನೆ ಕೂತರೂ ಅದರ ಎದುರು ಕೂತು ಉಸಿರು ಎಣಿಸುತ್ತಾರೆ. ಹಾಗೆ ಎಣಿಸುವುದನ್ನು ನೋಡಿದವರಿಗೆ ನಗು ಬರಬಹುದು. ಆದರೆ ಹೋದ ತಿಂಗಳು ಎರಡು ಪ್ರಾಣಿಗಳ ಒಳಸೋಂಕನ್ನು ಅದು ಹೊರಗೆ ಕಾಣುವ ಮುಂಚೆಯೇ ಹೀಗೆ ಕೂತು ಹಿಡಿದವರು ಅವರು.

ಇನ್ನು ನಾಲ್ಕು ವರ್ಷಕ್ಕೆ ಅವರಿಗೆ ಅರವತ್ತು ತುಂಬುತ್ತದೆ. ಕೆಲಸ ಕಾಯಂ ಆಗಲೆಂದಾಗಲಿ, ಯಾರಾದರೂ ಶಾಲು ಹೊದಿಸಲೆಂದಾಗಲಿ ಅವರಿಗೆ ಆಸೆಯಿದ್ದಂತಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಎತ್ತಿ ಹಿಡಿದಿದ್ದ ಗಿನಿಯಿಲಿಯ ಹೊಟ್ಟೆಯನ್ನು ದೀಪಕ್ಕೆ ತಿರುಗಿಸಿ ನೋಡಿ, ಸಹಿ ಹಾಕಿ, ಅದನ್ನು ಉಮಿಯ ಮೇಲೆ ಇಳಿಸಿದ ಮೇಲೆಯೇ ಉತ್ತರಿಸುತ್ತಾರೆ.

"ನನ್ ಜಾಗಕ್ಕೆ ಬರೋನು ಸ್ವಲ್ಪ ಪುಕ್ಕಲ ಆಗಿರ್ಲಿ. ಧೈರ್ಯ ಇರೋರು ಈ ಕೆಲ್ಸಕ್ಕೆ ಬೇಡ."